ಹೊಸ ಏರ್ ಪೈಪ್ ಹಾಕಿದ್ದೇವೆ ಅಂದರೆ ನಂಬಬೇಡಿ, ಬಿಚ್ಚಿಸಿ ನೋಡಿ

ಲಾರಿ ಇಟ್ಟುಕೊಂಡವರು ದಯವಿಟ್ಟು ಓದಿ. ನನಗೆ ಆದ ಮೋಸ ಇನ್ನೊಬ್ಬರಿಗೆ ಆಗಬಾರದು.

ಏರ್ ಫಿಲ್ಟರ್‌ನಿಂದ ಟರ್ಬೊಗೆ, ಅಂದರೆ ಇಂಜಿನ್‌ಗೆ ಗಾಳಿ ಒತ್ತಿ ತುಂಬುವ ಯಂತ್ರಕ್ಕೆ, ಹೋಗುವ ದಾರಿಯಲ್ಲಿ ಕಪ್ಪು ಪ್ಲಾಸ್ಟಿಕ್ ಎಲ್ಬೋ (ಬಾಗಿದ ಏರ್ ಪೈಪ್) ಇರುತ್ತದೆ ಅಲ್ವಾ, ನನ್ನ ಗಾಡಿಯಲ್ಲಿ ಅದು ಬಿಗಿಯುವ ಪಟ್ಟಿ, ಅಂದರೆ ಕ್ಲಾಂಪ್, ಕೂರುವ ಜಾಗದಲ್ಲಿ ಸೀಳಿತ್ತು. ಇಂಜಿನ್ ಬಿಸಿಗೆ ಈ ಪ್ಲಾಸ್ಟಿಕ್ ಪೆಡಸಾಗುತ್ತದೆ, ಅದರ ಮೇಲೆ ಕ್ಲಾಂಪ್ ಜಾಸ್ತಿ ಬಿಗಿದರೆ ಮುಗಿಯಿತು. ಅದೇನೂ ದೊಡ್ಡ ವಿಷಯ ಅಲ್ಲ. ಹೊಸದು ಹಾಕಿ ಅಂತ ಗ್ಯಾರೇಜಿನವರಿಗೆ ಹೇಳಿದೆ. ಅಂಟಿಸಬೇಡಿ ಅಂತಲೂ ಬಿಡಿಸಿ ಹೇಳಿದ್ದೆ. ಯಾಕಂದರೆ ಆ ಜಾಗ ಫಿಲ್ಟರ್ ದಾಟಿದ ಮೇಲೆ ಬರುವುದು. ಅಲ್ಲಿ ಸೀಳು ಬಿಟ್ಟರೆ ಟರ್ಬೊ ಎಳೆಯುವ ಜೋರಿಗೆ ರಸ್ತೆಯ ಧೂಳು ಸೋಸದೇ ನೇರ ಒಳಗೆ ಹೋಗುತ್ತದೆ, ಇಂಜಿನ್ ಒಳಗಿನ ಪಿಸ್ಟನ್ ರಿಂಗು, ಲೈನರ್ ಎಲ್ಲ ಸವೆಯುತ್ತದೆ. ಇದು ಅವರಿಗೆ ಗೊತ್ತಿಲ್ಲದ್ದಾ?

ಬಿಲ್ಲಿನಲ್ಲಿ "ಎಲ್ಬೋ, ಹೊಸದು" ಅಂತ ಬರೆದು ಹೊಸದರ ದುಡ್ಡೇ ತೆಗೆದುಕೊಂಡರು. ನೋಡಿದರೆ ಕಪ್ಪಗೆ ಮಿರಮಿರ ಮಿಂಚುತ್ತಿತ್ತು. ಹಳೆಯದು ಕೊಡಿ ಅಂದೆ. "ಗುಜರಿಗೆ ಹೋಯ್ತು ಸರ್, ಅದನ್ನ ಇಟ್ಕೊಂಡು ಏನ್ ಮಾಡ್ತೀರಾ" ಅಂದರು.

ಸ್ವಲ್ಪ ದಿನ ಅಷ್ಟೇ. ಲೋಡ್ ಹಾಕಿ ಏರು ಹತ್ತುವಾಗ, ಮೊದಲು ಸೀಳಿದ್ದಾಗ ಬರುತ್ತಿದ್ದ ಅದೇ ಸಿಳ್ಳೆ ಸದ್ದು ಮತ್ತೆ. ಪಿಕಪ್ ಇಲ್ಲ. ಕ್ಯಾಬಿನ್ ಎತ್ತಿ ಎಲ್ಬೋ ಮೇಲೆ ಕೈ ಆಡಿಸಿದರೆ ಬೆರಳಿಗೆ ಕಪ್ಪು ಬಣ್ಣ ಹತ್ತಿತು. ಹೊಸ ಪ್ಲಾಸ್ಟಿಕ್‌ಗೆ ಯಾರಾದರೂ ಬಣ್ಣ ಹೊಡೆಯುತ್ತಾರಾ? ಉಗುರು ಹಾಕಿ ಕೆರೆದೆ. ಬಣ್ಣದ ಕೆಳಗೆ ಗಮ್ಮು, ಗಮ್ಮಿನ ಕೆಳಗೆ ಅದೇ ಸೀಳು. ಗಮ್ಮು ಹಳೇ ಗೋಡೆಯ ಸುಣ್ಣ ಹಕ್ಕಳೆ ಎದ್ದ ಹಾಗೆ ಇಡಿಯಾಗಿ ಕಳಚಿ ಬಂತು. ಬರದೇ ಏನು, ಎಲ್ಬೋ ಮೇಲೆ ಪಿಪಿ ಅಂತ ಅಚ್ಚಾಗಿದೆ, ಅಂದರೆ ಪಾಲಿಪ್ರೊಪಿಲೀನ್. ಮಾಮೂಲಿ ಗಮ್ಮು ಅದಕ್ಕೆ ಕಚ್ಚಿಕೊಳ್ಳುವುದೇ ಇಲ್ಲ.

ಅಲ್ಲೇ ಕೂತುಬಿಟ್ಟೆ. ಸಿಟ್ಟಿಗಿಂತ ಅವಮಾನ ಜಾಸ್ತಿ ಆಯಿತು. ನನ್ನದೇ ಒಡೆದ ಎಲ್ಬೋಗೆ ಬಣ್ಣ ಬಳಿದು ನನಗೇ ಮಾರಿದ್ದಾರೆ!

ಅದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಒಳಗಿನ ಕಡೆಯೂ ಗಮ್ಮು ಮೆತ್ತಿದ್ದರು, ಅದರಲ್ಲಿ ಒಂದು ಚೂರು ಇರಲಿಲ್ಲ. ಎಲ್ಲಿ ಹೋಗಿರುತ್ತದೆ ಹೇಳಿ? ಟರ್ಬೊ ಬಾಯಿ ಬಿಚ್ಚಿ ನೋಡಿದರೆ ಗಾಳಿ ಎಳೆದು ಒತ್ತುವ ಕಂಪ್ರೆಸರ್ ಚಕ್ರದ ರೆಕ್ಕೆಗಳ ಅಂಚು ಮುರುಕಾಗಿತ್ತು. ನಿಮಿಷಕ್ಕೆ ಲಕ್ಷದ ಹತ್ತಿರ ಸುತ್ತು ತಿರುಗುವ ಚಕ್ರ ಅದು. ಗಟ್ಟಿ ಚೂರು ತಾಗಿದರೆ ಉಳಿಯುತ್ತದಾ?

ಎಲ್ಬೋ ಹಿಡಿದುಕೊಂಡು ಗ್ಯಾರೇಜಿಗೆ ಹೋದೆ. ಮೊದಲ ಉತ್ತರ, "ನಾವು ಹಾಕಿದ್ದು ಹೊಸದೇ ಸರ್, ಇದು ನಮ್ಮದಲ್ಲ." ಆಗ ಅದರ ಮೇಲಿನ ತಯಾರಿಕೆ ಗುರುತು ತೋರಿಸಿದೆ. ಗೊತ್ತಿಲ್ಲದವರಿಗೆ ಹೇಳುತ್ತೇನೆ, ಅಚ್ಚು ಹೊಯ್ದ ಪ್ಲಾಸ್ಟಿಕ್ ಸಾಮಾನಿನ ಮೇಲೆ ಎಷ್ಟೋ ಸಲ ಗಡಿಯಾರದ ಥರ ಒಂದು ಸಣ್ಣ ವೃತ್ತ ಇರುತ್ತದೆ. ಸುತ್ತ 1ರಿಂದ 12, ನಡುವೆ ಬಾಣ, ಬಾಣದ ಅಕ್ಕಪಕ್ಕ ವರ್ಷದ ಕೊನೆಯ ಎರಡು ಅಂಕಿ. ಬಾಣ ತೋರಿಸುವುದು ತಿಂಗಳು. ಇದರಲ್ಲಿ ಇದ್ದದ್ದು ನನ್ನ ಗಾಡಿ ತಯಾರಾದ ವರ್ಷ! ಅದಕ್ಕೆ ಏನಂದರು ಗೊತ್ತಾ? "ಹಳೇ ಸ್ಟಾಕ್ ಇರಬೇಕು ಸರ್." ಹಾಗಾದರೆ ನನ್ನ ಗಾಡಿಯ ವೈರು ತಿಕ್ಕಿ ತಿಕ್ಕಿ ಬಿದ್ದ ಗೆರೆ ಹಳೇ ಸ್ಟಾಕಿನ ಮೇಲೆ ಹೇಗೆ ಬಂತು ಅಂತ ಕೇಳಿದೆ. ಅದಕ್ಕೆ ಉತ್ತರ ಇಲ್ಲ. ಆಮೇಲೆ ಮಾತೇ ತಿರುಗಿತು, "ಪ್ಲಾಸ್ಟಿಕ್ ಅಂದ್ಮೇಲೆ ಒಡೆಯೋದೇ", "ಡ್ರೈವರ್ ಹೇಗೆ ಓಡಿಸ್ತಾನೋ ನಮಗೇನು ಗೊತ್ತು". ಬೇರೆ ಗಿರಾಕಿಗಳೆಲ್ಲ ನಿಂತು ನೋಡುತ್ತಿದ್ದಾಗ, "ಇಷ್ಟು ಚಿಕ್ಕ ಪೀಸಿಗೆ ಇಷ್ಟು ಗಲಾಟೆನಾ ಸರ್" ಅಂತ ನಕ್ಕರು. ಆ ನಗು ನನಗೆ ಇನ್ನೂ ಚುಚ್ಚುತ್ತಿದೆ. ಚಿಕ್ಕ ಪೀಸಂತೆ. ಟರ್ಬೊ ಹೋಗಿದೆ ನನ್ನದು!

ಎಲ್ಬೋ ದುಡ್ಡು ಬೇಕಾದರೆ ವಾಪಸ್ ಕೊಡುತ್ತಾರಂತೆ, ಟರ್ಬೊ ಬಗ್ಗೆ ಮಾತೇ ಆಡಬಾರದಂತೆ. ಈಗ ಫೋನೂ ಎತ್ತುತ್ತಿಲ್ಲ. ಬಿಲ್ಲು, ಎಲ್ಬೋ ಎರಡೂ ನನ್ನ ಹತ್ತಿರ ಇದೆ, ಬಿಡುವುದಿಲ್ಲ.

ನೀವು ಗ್ಯಾರೇಜಿಗೆ ಗಾಡಿ ಬಿಡುವ ಮುಂಚೆ ಒಡೆದ ಜಾಗದ ಫೋಟೋ, ಆ ವೃತ್ತದ ಫೋಟೋ ತೆಗೆದಿಟ್ಟುಕೊಳ್ಳಿ. ಹಳೇ ಪೀಸ್ ಕೈಗೆ ಬರದೇ ದುಡ್ಡು ಕೊಡಬೇಡಿ, ಏನೇ ಹೇಳಲಿ. ಹೊಸದು ಸಿಗದಿದ್ದರೆ ಅದೇ ಜಾತಿಯ ಪ್ಲಾಸ್ಟಿಕ್ ಕಡ್ಡಿ ಇಟ್ಟು ಬಿಸಿ ಮಾಡಿ ವೆಲ್ಡ್ ಮಾಡುವವರಿದ್ದಾರೆ, ಹೊಸದು ಬರುವ ತನಕ ಅದಾದರೂ ನಡೆಯುತ್ತದೆ. ಆದರೆ ಫಿಲ್ಟರ್ ಆದ ಮೇಲಿನ ಪೈಪಿನ ಒಳಗೆ ಗಮ್ಮು ಹಚ್ಚಲು ಯಾರಿಗೂ ಬಿಡಬೇಡಿ.