ಯುದ್ಧಕಾಲದ ಮೂರು ಪ್ರಾಣಿಕಥೆಗಳು: ಮಕ್ಕಳಿಗೆ ಓದಿ ಹೇಳಲು ಯಾವುದು?

ಐದರಿಂದ ಏಳನೇ ತರಗತಿಯ ಮಕ್ಕಳಿಗೆ ಯುದ್ಧಕಾಲದ ಒಂದು ಪ್ರಾಣಿಕಥೆಯನ್ನು ದಿನಕ್ಕಿಷ್ಟು ಎಂದು ಓದಿ ಹೇಳುವುದಾದರೆ ನನ್ನ ಆಯ್ಕೆ ಧನಗೋಪಾಲ ಮುಖರ್ಜಿಯವರ ‘ಗೇ-ನೆಕ್’. 1927ರಲ್ಲಿ ಬಂದ ಪುಸ್ತಕ, 1928ರಲ್ಲಿ, ಮಕ್ಕಳ ಪುಸ್ತಕಕ್ಕೆ ಕೊಡುವ ಅಮೆರಿಕದ ನ್ಯೂಬೆರಿ ಪದಕ ಪಡೆಯಿತು. ಇದರ ಜೊತೆ ಹೋಲಿಸಿದ್ದು ಮೈಕೆಲ್ ಮೊರ್ಪರ್ಗೊ ಅವರ ‘ವಾರ್ ಹಾರ್ಸ್’ (1982) ಮತ್ತು ‘ಆ್ಯನ್ ಎಲಿಫೆಂಟ್ ಇನ್ ದ ಗಾರ್ಡನ್’ (2010). ಕಾಸರಗೋಡಿನ ಕನ್ನಡ ಮಾಧ್ಯಮದ ಯು.ಪಿ. (ಅಪ್ಪರ್ ಪ್ರೈಮರಿ) ಮಕ್ಕಳಿಗೆ ಹೇಳುವ ರೀತಿ ಒಂದೇ: ಪುಸ್ತಕ ಇಂಗ್ಲಿಷಿನದು, ಹೇಳುವುದು ಕನ್ನಡದಲ್ಲಿ.

‘ಗೇ-ನೆಕ್’ನ ನಾಯಕ ಚಿತ್ರಗ್ರೀವ ಎಂಬ ಪಾರಿವಾಳ. ಪಂಚತಂತ್ರದ ಪಾರಿವಾಳರಾಜನ ಹೆಸರೇ ಆದ್ದರಿಂದ ಮಕ್ಕಳಿಗೆ ಮೊದಲ ದಿನವೇ ಪರಿಚಯವಾಗಿಬಿಡುತ್ತದೆ. ಅದನ್ನು ಸಾಕಿದವನು ಕೋಲ್ಕತ್ತದ ಹುಡುಗ. ಮೊದಲ ಮಹಾಯುದ್ಧಕ್ಕೆ ಹೋಗುವ ವಯಸ್ಸು ಅವನದಲ್ಲ. ಹಾಗಾಗಿ ಘೋಂಡ್ ಎಂಬ ಮುದಿ ಬೇಟೆಗಾರ, ಸೈನ್ಯದ ಕಾಗದ ಒಯ್ಯುವ ಕೆಲಸಕ್ಕೆಂದು ಹಕ್ಕಿಯನ್ನು ಫ್ರಾನ್ಸಿಗೆ ಒಯ್ಯುತ್ತಾನೆ. 1914ರ ಸೆಪ್ಟೆಂಬರಿನಲ್ಲಿ ಭಾರತದ ಸೈನಿಕರು ಮಾರ್ಸೇ ಬಂದರಿನಲ್ಲಿ ಇಳಿದದ್ದನ್ನು ಇಲ್ಲಿ ಎರಡು ಮಾತಿನಲ್ಲಿ ಹೇಳಿದರೆ ಸಾಕು. ಈ ಪುಸ್ತಕ ನನಗೆ ಹೆಚ್ಚು ಹಿಡಿಸುವುದು ಯುದ್ಧದಿಂದ ಮರಳಿದ ನಂತರದ ಭಾಗಕ್ಕಾಗಿ. ಹಕ್ಕಿ ಹಾರಲು ಹೆದರುತ್ತದೆ, ಬೇಟೆಗಾರನ ಮನಸ್ಸಿನಿಂದ ದ್ವೇಷ ಹೋಗುವುದಿಲ್ಲ. ಇಬ್ಬರೂ ಗುಣವಾಗುವುದು ಹಿಮಾಲಯದ ಒಂದು ಬೌದ್ಧ ಮಠದಲ್ಲಿ, ನಿಧಾನವಾಗಿ. ಗೆದ್ದು ಬಂದರು ಎಂದು ಕಥೆ ಅಲ್ಲಿಗೇ ಮುಗಿಸದೆ ಇಷ್ಟನ್ನು ಮಕ್ಕಳಿಗೆ ಹೇಳುವ ಧೈರ್ಯ ದೊಡ್ಡದು.

ತೊಂದರೆ ಇರುವುದು ಕಥೆಯಲ್ಲಲ್ಲ, ಪ್ರತಿಯಲ್ಲಿ. ಕೆಲವು ಅಧ್ಯಾಯಗಳಲ್ಲಿ ‘ನಾನು’ ಎಂದರೆ ಹುಡುಗ, ಕೆಲವು ಕಡೆ ‘ನಾನು’ ಎಂದರೆ ಪಾರಿವಾಳ. ಅಗ್ಗದ ಮರುಮುದ್ರಣಗಳಲ್ಲಿ ಅಧ್ಯಾಯದ ತಲೆಬರಹ ಸಾಲಿನ ಮಧ್ಯೆ ಸೇರಿಕೊಂಡಿರುತ್ತದೆ, ಉದ್ಧರಣ ಚಿಹ್ನೆ ಬಿದ್ದುಹೋಗಿರುತ್ತದೆ. ಹಳೆಯ ಪುಟಗಳನ್ನು ಸ್ಕ್ಯಾನ್ ಮಾಡಿ, ಯಂತ್ರ ಓದಿದ ಅಕ್ಷರವನ್ನು ಯಾರೂ ತಿದ್ದದೆ ಅಚ್ಚು ಹಾಕಿದರೆ ಹೀಗಾಗುತ್ತದೆ. ಓದುವವರು ಒಂದು ಸಾಲು ಎಡವಿದರೆ ಸಾಕು, ಹುಡುಗನೇ ರೆಕ್ಕೆ ಬಡಿದು ಹಾರಿದನೆಂದು ಮಕ್ಕಳು ತಿಳಿಯುತ್ತಾರೆ. ಮುಂದಿನ ಹತ್ತು ನಿಮಿಷ ವಿವರಣೆಗೇ ಹೋಗುತ್ತದೆ.

ಆದ್ದರಿಂದ ಕೊಳ್ಳುವ ಮೊದಲು ಪುಸ್ತಕದ ಎರಡನೇ ಭಾಗ ತೆರೆದು ನೋಡಿ. ಪ್ರತಿ ಅಧ್ಯಾಯ ಹೊಸ ಪುಟದಲ್ಲಿ ಶುರುವಾಗಿದೆಯೇ, ಪರಿವಿಡಿಯ ಪುಟಸಂಖ್ಯೆ ಒಳಗಿನದಕ್ಕೆ ಹೊಂದುತ್ತದೆಯೇ, ಸಾಲಿನ ನಡುವೆ ಅರ್ಥವಿಲ್ಲದ ಗೆರೆಗಳಿವೆಯೇ ಎಂದು ಪರೀಕ್ಷಿಸಿ. ಕೆಟ್ಟ ಪ್ರತಿ ಈಗಾಗಲೇ ಕೈಯಲ್ಲಿದ್ದರೆ ಹುಡುಗನ ಭಾಗಕ್ಕೆ ಅಂಚಿನಲ್ಲಿ ಹಸಿರು ಪೆನ್ಸಿಲ್ ಗೆರೆ, ಹಕ್ಕಿಯ ಭಾಗಕ್ಕೆ ಕೆಂಪು ಗೆರೆ ಎಳೆದಿಡಿ. ಇಬ್ಬರು ಓದುವವರಿದ್ದರೆ ಇನ್ನೂ ಒಳ್ಳೆಯದು: ಒಬ್ಬರು ಹುಡುಗ, ಇನ್ನೊಬ್ಬರು ಹಕ್ಕಿ. ದನಿ ಬದಲಾದ ಕೂಡಲೇ ಮಕ್ಕಳಿಗೆ ಗೊತ್ತಾಗುತ್ತದೆ.

ಮೊದಲ ಭಾಗ ನಿಧಾನ. ದಿಕ್ಕು ಕಲಿಸುವ ಅಧ್ಯಾಯವನ್ನು ಮಾತ್ರ ಬಿಡಬೇಡಿ, ಮುಂದಿನದೆಲ್ಲ ನಿಂತಿರುವುದು ಅದರ ಮೇಲೆ. ಪಾರಿವಾಳ ಹೇಳಿದಲ್ಲಿಗೆಲ್ಲ ಕಾಗದ ಒಯ್ಯುವುದಿಲ್ಲ, ತನ್ನ ಗೂಡಿಗೆ ಮಾತ್ರ ಮರಳುತ್ತದೆ. ಅದಕ್ಕೇ ಸೈನ್ಯದವರು ಬುಟ್ಟಿಯಲ್ಲಿ ಹಕ್ಕಿಯನ್ನು ಮುಂಚೂಣಿಗೆ ಒಯ್ದು ಅಲ್ಲಿಂದ ಬಿಡುತ್ತಿದ್ದರು. ಇದನ್ನು ಮೊದಲೇ ಹೇಳದಿದ್ದರೆ ಕಾಗದ ಒಯ್ಯುವ ಅಧ್ಯಾಯದಲ್ಲಿ ಪ್ರಶ್ನೆಗಳ ಮಳೆ.

‘ವಾರ್ ಹಾರ್ಸ್’ನಲ್ಲಿ ಕೊನೆಯವರೆಗೂ ಕಥೆ ಹೇಳುವುದು ಜೋಯಿ ಎಂಬ ಕುದುರೆಯೇ, ಆ ಗೊಂದಲವಿಲ್ಲ. ಇಂಗ್ಲಿಷೂ ಸರಳ. ಬ್ರಿಟಿಷರು, ಜರ್ಮನರು, ಫ್ರಾನ್ಸಿನ ಹುಡುಗಿ ಎಮಿಲಿ, ಎಲ್ಲರ ಮಾತೂ ಕುದುರೆಗೆ ಅರ್ಥವಾಗುತ್ತದೆ. ಕನ್ನಡ, ತುಳು, ಮಲಯಾಳವನ್ನು ಒಂದೇ ದಿನದಲ್ಲಿ ಕೇಳುವ ನಮ್ಮ ಮಕ್ಕಳು ಅದನ್ನು ಪ್ರಶ್ನಿಸುವುದೇ ಇಲ್ಲ. ಕಷ್ಟವಾಗುವುದು ಯಜಮಾನರು ಬದಲಾಗುತ್ತ ಹೋಗುವುದು. ಆಲ್ಬರ್ಟ್, ಕ್ಯಾಪ್ಟನ್ ನಿಕೋಲ್ಸ್, ಸವಾರ ವಾರನ್, ಎಮಿಲಿ ಮತ್ತು ಅವಳ ಅಜ್ಜ, ಫ್ರೀಡ್ರಿಖ್: ಹೆಸರುಗಳನ್ನು ಬೋರ್ಡಿನ ಒಂದು ಮೂಲೆಯಲ್ಲಿ ಬರೆದು ಅಳಿಸದೆ ಇಡಬೇಕು. ಎರಡು ಕಂದಕಗಳ ನಡುವಿನ ಮುಳ್ಳುತಂತಿಯ ಜಾಗವನ್ನೂ ಗೆರೆ ಎಳೆದು ತೋರಿಸಿ. ಕುದುರೆಗೆ ಧನುರ್ವಾಯು ಬಂದಾಗ ಕತ್ತಲ ಲಾಯದಲ್ಲಿ, ಸದ್ದಿಲ್ಲದೆ ಆರೈಕೆ ಮಾಡುವ ಭಾಗವನ್ನು ಒಂದೇ ಪೀರಿಯಡ್‌ನಲ್ಲಿ ಮುಗಿಸಿ. ಅರ್ಧಕ್ಕೆ ನಿಲ್ಲಿಸಿದರೆ ಚಿಕ್ಕವರು ಅಳುತ್ತಾರೆ. ಕುದುರೆದಳದ ದಾಳಿ ಓದುವ ಹಿಂದಿನ ದಿನ, 1918ರ ಸೆಪ್ಟೆಂಬರ್ 23ರಂದು ಈಗಿನ ಇಸ್ರೇಲಿನ ಹೈಫಾದಲ್ಲಿ ನುಗ್ಗಿದ ಮೈಸೂರು ಸಂಸ್ಥಾನದ ಕುದುರೆದಳ ಮೈಸೂರು ಲ್ಯಾನ್ಸರ್ಸ್ ಬಗ್ಗೆ ಹೇಳಿ. 2011ರ ಸಿನಿಮಾ ನೋಡಿದವರಿದ್ದರೂ ಚಿಂತೆಯಿಲ್ಲ, ಅದರಲ್ಲಿ ಕುದುರೆ ಕಥೆ ಹೇಳುವುದಿಲ್ಲ.

ಆನೆಯ ಕಥೆ ಶುರುವಾಗುವುದು 1945ರ ಫೆಬ್ರವರಿಯಲ್ಲಿ ಬಾಂಬು ಬಿದ್ದ ಜರ್ಮನಿಯ ಡ್ರೆಸ್ಡೆನ್‌ನಲ್ಲಿ. ಚೆನ್ನಾಗಿದೆ, ಆದರೆ ಅಜ್ಜಿಯೊಬ್ಬರು ನೆನೆದು ಹೇಳುವ ಕಥೆಯಾದ್ದರಿಂದ ಗುಂಪಿಗೆ ಹೇಳುವಾಗ ಬಿಗಿ ಸಡಿಲುತ್ತದೆ. ಕಾಸರಗೋಡಿನ ಕಾರಡ್ಕ, ದೇಲಂಪಾಡಿ ಕಡೆ ತೋಟಕ್ಕೆ ಆನೆ ನುಗ್ಗಿದ್ದನ್ನು ಕಂಡ ಮಕ್ಕಳು ಹಿಮದಲ್ಲಿ ಅದು ಏನು ತಿಂದಿತೆಂದು ಕೇಳಿಯೇ ಕೇಳುತ್ತಾರೆ, ಉತ್ತರ ಸಿದ್ಧವಿರಲಿ.

ವಾಚನಾಲಯಕ್ಕೆ ಒಂದೇ ಪುಸ್ತಕಕ್ಕೆ ಹಣವಿದ್ದರೆ ‘ವಾರ್ ಹಾರ್ಸ್’ ಕೊಳ್ಳಿ, ಇಂಗ್ಲಿಷ್ ಓದಬಲ್ಲ ಮಗು ಅದನ್ನು ತಾನೇ ಮನೆಗೊಯ್ದು ಓದುತ್ತದೆ. ‘ಗೇ-ನೆಕ್’ ಕೊಳ್ಳಲೇಬೇಕೆಂದಿಲ್ಲ, ಪ್ರತಿಯನ್ನು ನೀವೇ ಮುದ್ರಿಸಿಕೊಳ್ಳಬಹುದು. ಮುಖರ್ಜಿಯವರು ತೀರಿಕೊಂಡದ್ದು 1936ರಲ್ಲಿ. ಲೇಖಕರ ನಂತರ 60 ವರ್ಷ ಎಂದು ಲೆಕ್ಕ ಹಾಕಿದರೂ ನಮ್ಮ ದೇಶದಲ್ಲಿ ಅದರ ಕೃತಿಸ್ವಾಮ್ಯ ಎಂದೋ ಮುಗಿದಿದೆ. ಕನ್ನಡಕ್ಕೆ ಬರೆದು ಅಚ್ಚು ಹಾಕಲೂ ಯಾರ ಒಪ್ಪಿಗೆಯೂ ಬೇಕಿಲ್ಲ. ದೊಡ್ಡ ಅಕ್ಷರ, ಪುಟದ ಒಂದೇ ಬದಿಗೆ ಪ್ರಿಂಟು, ಎಡಗಡೆ ಎರಡು ಬೆರಳು ಅಂಚು, ಸ್ಪೈರಲ್ ಬೈಂಡಿಂಗ್. ‘ನಾನು’ ಬದಲಾಗುವಲ್ಲೆಲ್ಲ ಹೊಸ ಪುಟ.