ನಿಮಿರುವಿಕೆಗೆ ಪಂಪ್ ಅಂತ ಫೋನಿನಲ್ಲಿ ಮಾರುವವರಿಗೆ ದುಡ್ಡು ಕಳಿಸಬೇಡಿ

ಮೊದಲೇ ಹೇಳಿಬಿಡುತ್ತೇನೆ, ವ್ಯಾಕ್ಯೂಮ್ ಪಂಪ್ ಅನ್ನುವ ಸಾಧನ ಮೋಸದ್ದಲ್ಲ. ನಿಮಿರುವಿಕೆ ಸಮಸ್ಯೆಗೆ ಯೂರಾಲಜಿ, ಅಂದರೆ ಮೂತ್ರಾಂಗದ ಡಾಕ್ಟರುಗಳೇ ಅದನ್ನು ಬರೆದುಕೊಡುತ್ತಾರೆ. ಮೋಸ ಇರುವುದು ಅದರ ಹೆಸರು ಹೇಳಿ ಪ್ಲಾಸ್ಟಿಕ್ ಕೊಳವೆ ಕಳಿಸುವವರಲ್ಲಿ. ಶುಗರ್ ಇರುವವರು, ಹಾರ್ಟಿಗೆ ಸ್ಟೆಂಟ್ ಹಾಕಿಸಿಕೊಂಡವರು, ರಕ್ತ ತೆಳು ಮಾಡುವ ಮಾತ್ರೆ ತಗೊಳ್ಳುವವರು ದಯವಿಟ್ಟು ಪೂರ್ತಿ ಓದಿ. ನನಗೆ ಈ ಮೂರೂ ಇವೆ. ಅಂಕೋಲಾ ತಾಲ್ಲೂಕಿನವನು. ಹೆಸರು ಹಾಕುವುದಿಲ್ಲ, ಮನೆಯಲ್ಲಿ ಮದುವೆಗೆ ಬಂದ ಮಗಳಿದ್ದಾಳೆ.

ಸ್ಟೆಂಟ್ ಆದ ಮೇಲೆ ನನಗೆ ಸಾರ್ಬಿಟ್ರೇಟ್ ಕೊಟ್ಟಿದ್ದಾರೆ. ಅದು ನೈಟ್ರೇಟ್ ಜಾತಿಯ ಮಾತ್ರೆ. ಅದನ್ನು ತಗೊಳ್ಳುವವರು ಸಿಲ್ಡೆನಾಫಿಲ್, ಅಂದರೆ ವಯಾಗ್ರ ತರಹದ್ದು ಮುಟ್ಟುವ ಹಾಗೇ ಇಲ್ಲ. ಎರಡೂ ಸೇರಿದರೆ ಬಿಪಿ ದಿಢೀರ್ ಅಂತ ಬಿದ್ದು ಜೀವಕ್ಕೇ ಅಪಾಯ. ಹಾಗಾಗಿ ಹಾರ್ಟ್ ಡಾಕ್ಟರು, "ನಿಮಗೆ ಮಾತ್ರೆ ಬೇಡ, ಪಂಪ್ ಅಂತ ಒಂದು ಬರುತ್ತದೆ, ಯೂರಾಲಜಿಯವರನ್ನು ಕೇಳಿ" ಅಂದಿದ್ದರು. ಕೊಳವೆಯೊಳಗಿನ ಗಾಳಿ ಹೀರಿ ತೆಗೆದರೆ ಅಂಗಕ್ಕೆ ರಕ್ತ ನುಗ್ಗುತ್ತದೆ. ಬುಡಕ್ಕೆ ಒಂದು ರಿಂಗ್ ಹಾಕಿದರೆ ಆ ರಕ್ತ ಅಲ್ಲೇ ನಿಲ್ಲುತ್ತದೆ. ಅಷ್ಟೇ ಅದರ ಕೆಲಸ. ಹೊಟ್ಟೆಗೆ ಯಾವ ಔಷಧಿಯೂ ಹೋಗುವುದಿಲ್ಲ.

ಈಗ ನಮ್ಮ ಜಿಲ್ಲೆಯ ಸ್ಥಿತಿ ನಿಮಗೇ ಗೊತ್ತಲ್ವಾ. ದೊಡ್ಡ ಡಾಕ್ಟರು ಅಂದರೆ ಮಣಿಪಾಲ, ಹುಬ್ಬಳ್ಳಿ, ಇಲ್ಲಾ ಗೋವಾ. ಊರಿನ ಮೆಡಿಕಲ್ ಶಾಪಿನಲ್ಲಿ ಕೇಳೋಣ ಅಂದರೆ ಕೌಂಟರಿನಲ್ಲಿ ಕೂತವನು ನೆಂಟನೋ, ನೆಂಟನ ನೆಂಟನೋ ಆಗಿರುತ್ತಾನೆ. ಸಂಜೆಯೊಳಗೆ ಮೀನು ಪೇಟೆಗೆ ಸುದ್ದಿ. ಮಾರುವವರಿಗೂ ಇದು ಚೆನ್ನಾಗಿ ಗೊತ್ತು. ನಮ್ಮ ನಾಚಿಕೆಯೇ ಅವರ ಬಂಡವಾಳ.

ಮೊಬೈಲಿನಲ್ಲಿ ಜಾಹೀರಾತು ಬಂತು, ಕನ್ನಡದಲ್ಲೇ. ನಂಬರ್ ಒತ್ತಿದ ಕೂಡಲೇ ಒಬ್ಬ ತುಂಬಾ ಮರ್ಯಾದೆಯಿಂದ ಮಾತಾಡಿದ. "ನಾಚ್ಕೋಬೇಡಿ ಸರ್, ನಾನು ನಿಮ್ಮ ತಮ್ಮ ಅಂದ್ಕೊಳಿ." ನಾನು ಎಲ್ಲಾ ಬಿಡಿಸಿ ಹೇಳಿದೆ. ಶುಗರ್ ಇದೆ, ಸ್ಟೆಂಟ್ ಆಗಿದೆ, ಆಸ್ಪಿರಿನ್, ಕ್ಲೋಪಿಡೋಗ್ರೆಲ್ ತಗೊಳ್ತೇನೆ, ರಕ್ತ ತೆಳು ಇದೆ ಅಂತ. ಅವನು ಹೇಳಿದ್ದು ಕೇಳಿ: "ರಕ್ತ ತೆಳು ಇದ್ರೆ ಇನ್ನೂ ಒಳ್ಳೇದು ಸರ್, ಸಲೀಸಾಗಿ ಹರಿಯತ್ತೆ."

ಈ ಮಾತು ನೆನಪಾದರೆ ಈಗಲೂ ಮೈ ಉರಿಯುತ್ತದೆ. ರಕ್ತ ತೆಳು ಮಾಡುವ ಇನ್ನೊಂದು ಮಾತ್ರೆ ವಾರ್ಫರಿನ್ ತಗೊಳ್ಳುವವರಿಗೆ ಡಾಕ್ಟರುಗಳು ಸಾಮಾನ್ಯವಾಗಿ ಈ ಪಂಪ್ ಬೇಡ ಅನ್ನುತ್ತಾರೆ. ನನ್ನ ತರಹದ ಮಾತ್ರೆ ಇರುವವರಿಗೆ ನೋಡಿ, ಕೇಳಿ, ತೋರಿಸಿಕೊಟ್ಟು ಕೊಡುತ್ತಾರೆ. ಕಾರಣ ಸೀದಾ. ಒಳಗೆ ರಕ್ತ ಒಸರಿದರೆ ಬೇಗ ನಿಲ್ಲುವುದಿಲ್ಲ. ಇವನು ಅದನ್ನೇ ಒಳ್ಳೆಯದು ಅಂತ ಹೇಳಿ ಮಾರಿದ.

ಡಾಕ್ಟರು ಬರೆದುಕೊಡುವ ಮಾದರಿಯದ್ದೇ ಅಂದ. ಒತ್ತಡ ಮಿತಿ ಮೀರದ ಹಾಗೆ ವಾಲ್ವ್ ಇದೆ ಅಂದ. ಬೇರೆ ಬೇರೆ ಅಳತೆಯ ರಿಂಗ್ ಬರುತ್ತದೆ ಅಂದ. ಬಿಲ್ ಪೆಟ್ಟಿಗೆಯೊಳಗೇ ಇರುತ್ತದೆ ಅಂದ. 7,500 ರೂಪಾಯಿ ಮುಂಚೆಯೇ ಕಳಿಸಬೇಕು, "ಪಾರ್ಸೆಲ್ ಗುಟ್ಟಾಗಿ ಬರ್ಬೇಕಲ್ವಾ ಸರ್, ಅದಕ್ಕೆ." ಕಳಿಸಿದೆ.

ಬಂದ ಪೆಟ್ಟಿಗೆಯಲ್ಲಿ ತಯಾರಿಸಿದವರ ಹೆಸರಿಲ್ಲ. ಲೈಸೆನ್ಸ್ ನಂಬರ್ ಇಲ್ಲ. ಬಿಲ್ ಇಲ್ಲ. ತೆಳ್ಳಗಿನ ಕೊಳವೆ, ಒಂದು ರಬ್ಬರ್ ಉಂಡೆ, ಒಂದೇ ಒಂದು ರಿಂಗ್. ವಾಲ್ವ್ ಇಲ್ಲ. ಜೊತೆಗೆ ಕೇಳದೇ ಇದ್ದ ಒಂದು ಡಬ್ಬಿ ಗುಳಿಗೆ, "ಆಯುರ್ವೇದಿಕ್, ಫ್ರೀ" ಅಂತ. ಒಂದು ಚೀಟಿಯಲ್ಲಿ ಕನ್ನಡದಲ್ಲಿ ಬರೆದಿತ್ತು, "ಉತ್ತಮ ಫಲಿತಾಂಶಕ್ಕೆ ರಿಂಗನ್ನು ರಾತ್ರಿಯಿಡೀ ಧರಿಸಬಹುದು." ರಾತ್ರಿಯಿಡೀ! ರಿಂಗ್ 30 ನಿಮಿಷಕ್ಕಿಂತ ಜಾಸ್ತಿ ಇರಲೇಬಾರದು. ಹಾಕಿಕೊಂಡು ನಿದ್ದೆ ಮಾಡಲೇಬಾರದು. ರಕ್ತದ ಓಡಾಟ ನಿಂತು ಆ ಭಾಗವೇ ಕೆಡುತ್ತದೆ. ಆ ಚೀಟಿ ಯಾರ್ಯಾರ ಮನೆಗೆ ಹೋಗಿದೆಯೋ ಅಂತ ಯೋಚಿಸಿದರೆ ಹೆದರಿಕೆಯಾಗುತ್ತದೆ.

ಫೋನ್ ಮಾಡಿದೆ. "ವಾಲ್ವ್ ಎಲ್ಲಿ?"

"ಇದು ಹೊಸ ಮಾಡೆಲ್ ಸರ್, ವಾಲ್ವ್ ಬೇಕಾಗಲ್ಲ. ನಿಮ್ಮ ಕೈನೇ ವಾಲ್ವ್. ನೋವಾದ್ರೆ ನಿಲ್ಸಿ."

ನೋವಾದರೆ ನಿಲ್ಲಿಸಿ. ಕೇಳಲಿಕ್ಕೆ ಎಷ್ಟು ಸರಿಯಾಗಿದೆ ನೋಡಿ! ಆದರೆ ವರ್ಷಗಟ್ಟಲೆ ಶುಗರ್ ಇದ್ದವರಲ್ಲಿ ಎಷ್ಟೋ ಜನರಿಗೆ ನರ ಸತ್ತಿರುತ್ತದೆ. ನನ್ನ ಪಾದಕ್ಕೆ ಮುಳ್ಳು ಚುಚ್ಚಿದರೂ ಗೊತ್ತಾಗುವುದಿಲ್ಲ. ಅಲ್ಲಿಯೂ ಅದೇ ಕತೆ. ನಿಮಿರುವಿಕೆ ಹೋಗುವುದಕ್ಕೆ ಆ ನರದ ತೊಂದರೆಯೂ ಒಂದು ಕಾರಣ. ಅಂಥವನಿಗೆ ನೋವೇ ತಿಳಿಯುವುದಿಲ್ಲ, ಇನ್ನು ನೋವಾದಾಗ ನಿಲ್ಲಿಸುವುದು ಎಲ್ಲಿಂದ? ಒತ್ತಡದ ವಾಲ್ವ್ ಇಟ್ಟಿರುವುದೇ ಇದಕ್ಕೆ. ಅದನ್ನು ಕಿತ್ತು ಹಾಕಿ, ಶುಗರ್ ಇದೆ ಅಂತ ಬಾಯಿಬಿಟ್ಟು ಹೇಳಿದವನಿಗೆ "ನೋವಾದ್ರೆ ನಿಲ್ಸಿ" ಅಂದ.

ನನಗೆ ನೋವಾಗಲಿಲ್ಲ. ತೆಗೆದು ನೋಡಿದಾಗ ಚರ್ಮದ ತುಂಬ ಕೆಂಪು ಚುಕ್ಕೆ, ಒಂದು ಕಡೆ ಕಪ್ಪು ನೀಲಿ ಬಾವು. ಸಣ್ಣ ಚುಕ್ಕೆಗಳು ಸರಿಯಾದ ಸಾಧನದಲ್ಲೂ ಬರುವುದುಂಟಂತೆ, ತಾನಾಗಿಯೇ ಹೋಗುತ್ತವಂತೆ. ನನ್ನದು ಹಾಗಿರಲಿಲ್ಲ. ರಿಂಗಿಗೆ ಹಿಡಿದು ಎಳೆಯಲು ಕಿವಿಯೇ ಇರಲಿಲ್ಲ, ತೆಗೆಯುವಷ್ಟರಲ್ಲಿ ಬೆವರಿಳಿಯಿತು. ಸರಿಯಾದ ರಿಂಗಿಗೆ ಎರಡೂ ಬದಿಗೆ ಹಿಡಿಕೆ ಇರುತ್ತದೆ, ಬೇಕೆಂದಾಗ ಥಟ್ಟನೆ ತೆಗೆಯಲಿಕ್ಕೆ. ಅಂಥದ್ದೊಂದು ಇದೆ ಅನ್ನುವುದೇ ನನಗೆ ಆಮೇಲೆ ತಿಳಿದದ್ದು.

ಮತ್ತೆ ಫೋನ್ ಮಾಡಿದೆ. ಈ ಸಲ "ನಮ್ಮ ಡಾಕ್ಟರ್ ಹತ್ರ ಮಾತಾಡಿ ಸರ್" ಅಂದ. ಸ್ವಲ್ಪ ಹೊತ್ತು ಸಂಗೀತ ಬಂತು. ಆಮೇಲೆ ಡಾಕ್ಟರ್ ಬಂದ. ದನಿ ಸ್ವಲ್ಪ ದಪ್ಪ ಮಾಡಿಕೊಂಡಿದ್ದ, ಅಷ್ಟೇ. ಅದೇ ಮನುಷ್ಯ! ಮಾತಿನ ಕೊನೆಯಲ್ಲಿ ಅದೇ "ಅಂದ್ಕೊಳಿ". ಫೋನ್ ಹಿಡಿದುಕೊಂಡೇ ನಿಂತುಬಿಟ್ಟೆ. ಮೊದಲ ದಿನದಿಂದ ನಾನು ಯಾರಿಗೂ ಹೇಳದ ವಿಷಯವನ್ನೆಲ್ಲ ಇವನಿಗೆ ಹೇಳಿದ್ದೇನೆ, ಹೆಂಡತಿಯ ಮಾತು, ಮನೆಯ ಮಾತು, ಎಲ್ಲಾ.

"ಡಾಕ್ಟರ್" ಹೇಳಿದ್ದು: "ಅದು ಮುಚ್ಚಿಹೋಗಿದ್ದ ನರ ಓಪನ್ ಆಗ್ತಿರೋ ಲಕ್ಷಣ. ಗುಳಿಗೆ ತಗೊಂಡ್ರಾ? ಗುಳಿಗೆ ತಗೊಳ್ದೆ ಬರೀ ಪಂಪ್ ಮಾಡಿದ್ರೆ ಹೀಗೇ ಆಗೋದು. ಇನ್ನೊಂದು ಎಣ್ಣೆ ಇದೆ, 4,000 ಆಗತ್ತೆ."

ಆ ಗುಳಿಗೆ ನಾನು ಮುಟ್ಟಿರಲಿಲ್ಲ. ಮುಟ್ಟಿದ್ದರೆ ಇದನ್ನು ಬರೆಯುತ್ತಿದ್ದೆನೋ ಇಲ್ಲವೋ. ಇಂಥ "ನೈಸರ್ಗಿಕ" ಗುಳಿಗೆಗಳಲ್ಲಿ ಸಿಲ್ಡೆನಾಫಿಲ್ ಗುಟ್ಟಾಗಿ ಬೆರೆಸಿದ್ದನ್ನು ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ ಎಷ್ಟೋ ಸಲ ಪತ್ತೆ ಮಾಡಿ ಎಚ್ಚರಿಕೆ ಕೊಟ್ಟಿದೆ. ನನ್ನ ಡಬ್ಬಿಯಲ್ಲಿ ಏನಿತ್ತೋ ಪರೀಕ್ಷೆ ಆದರೇ ತಿಳಿಯಬೇಕು. ಆದರೆ ಹಾರ್ಟಿನ ಮಾತ್ರೆ ತಗೊಳ್ಳುವವನಿಗೆ ಮೇಲೆ ಏನೂ ಬರೆಯದ ಗುಳಿಗೆಯನ್ನು ಪುಕ್ಕಟೆ ಕಳಿಸುವ ಧೈರ್ಯ ನೋಡಿ.

ದುಡ್ಡು ವಾಪಸ್ ಕೊಡು ಅಂದೆ. ಆಗ ಮರ್ಯಾದೆ ಎಲ್ಲಾ ಹೋಯಿತು. "ಯೂಸ್ ಮಾಡಿದ್ದು ವಾಪಸ್ ತಗೊಳಲ್ಲ." ಪೊಲೀಸರಿಗೆ ಹೇಳುತ್ತೇನೆ ಅಂದೆ. "ಹೇಳಿ ಸರ್. ಏನಂತ ಹೇಳ್ತೀರಾ? ಸ್ಟೇಷನ್ನಲ್ಲಿ ಎಲ್ರ ಮುಂದೆ ಹೇಳ್ತೀರಾ? ನಿಮ್ಮ ಅಡ್ರೆಸ್ ನಮ್ಮ ಹತ್ರ ಇದೆ. ಮುಂದಿನ ಪಾರ್ಸೆಲ್ ಮೇಲೆ ದೊಡ್ಡದಾಗಿ ಬರ್ದು ಕಳಿಸ್ತೀವಿ, ಪಕ್ಕದ ಮನೆಯವ್ರು ಇಸ್ಕೊಳ್ಳಿ."

ಈ ಮಾತಿಗೆ ನಾನು ಸುಮ್ಮನಾಗುತ್ತೇನೆ ಅಂತ ಅವನು ಲೆಕ್ಕ ಹಾಕಿದ್ದ. ಪಕ್ಕದಲ್ಲಿ ಹೆಂಡತಿ ಇದ್ದಳು, ಅವಳಿಗೆ ಎಲ್ಲಾ ಗೊತ್ತಿತ್ತು. ಫೋನ್ ಕಸಿದುಕೊಂಡು, "ಬಿಲ್ ಕಳಿಸು, ಡಾಕ್ಟರ್ ರಿಜಿಸ್ಟ್ರೇಷನ್ ನಂಬರ್ ಹೇಳು" ಅಂದಳು. ಕಟ್ ಮಾಡಿದ. ಮತ್ತೆ ಆ ನಂಬರ್ ಹತ್ತಲಿಲ್ಲ.

ಆಮೇಲೆ ಅರಬೈಲ್ ಘಟ್ಟ ಹತ್ತಿ ಹುಬ್ಬಳ್ಳಿಗೆ ಹೋಗಿ ಯೂರಾಲಜಿ ಡಾಕ್ಟರಿಗೆ ತೋರಿಸಿದೆ. ಅವರು ನಗಲಿಲ್ಲ, ಬೈಯಲಿಲ್ಲ. ಬಾವು ಇಳಿಯುವ ತನಕ ಏನೂ ಬೇಡ ಅಂದರು. ಸರಿಯಾದ ಸಾಧನ ತೆಗೆದು ತೋರಿಸಿದರು, ಮುಚ್ಚಳದಲ್ಲೇ ವಾಲ್ವ್ ಇತ್ತು. ನೀರಿನ ಅಂಶದ ಜೆಲ್ಲಿಯನ್ನೇ ಹಚ್ಚಬೇಕು, ತೆಂಗಿನೆಣ್ಣೆ ಹಚ್ಚಬಾರದು, ನಿಧಾನಕ್ಕೆ ಎಳೆದು ನಡುನಡುವೆ ಬಿಡಬೇಕು, ಅಂಗ ಸ್ವಲ್ಪ ತಣ್ಣಗೆ ಅನ್ನಿಸುವುದು ಸಹಜ, ಪಂಪಿನಿಂದ ಉದ್ದ ಬೆಳೆಯುತ್ತದೆ ಅನ್ನುವುದು ಸುಳ್ಳು, ಇಷ್ಟನ್ನು ಸಮಾಧಾನವಾಗಿ ಹೇಳಿದರು. ಇನ್ನೊಂದು ಮಾತು ಹೇಳಿದರು. ಅಲ್ಲಿನ ರಕ್ತನಾಳ ಹೃದಯದ ರಕ್ತನಾಳಕ್ಕಿಂತ ಸಣ್ಣದು, ಅದಕ್ಕೇ ಕಟ್ಟಿಕೊಳ್ಳುವ ತೊಂದರೆ ಎಷ್ಟೋ ಜನರಲ್ಲಿ ಮೊದಲು ಅಲ್ಲಿ ಕಾಣಿಸುತ್ತದೆ, ಹಾರ್ಟಿನಲ್ಲಿ ಆಮೇಲೆ. ಅಂದರೆ ನಿಮಿರುವಿಕೆ ಕಡಿಮೆಯಾಯಿತು ಅಂತ ಬಂದವನ ಶುಗರ್, ಬಿಪಿ, ಹಾರ್ಟ್ ನೋಡಲೇಬೇಕು. ಫೋನಿನ "ತಮ್ಮ" ಏನು ನೋಡುತ್ತಾನೆ?

ಹುಬ್ಬಳ್ಳಿಗೆ ಹೋಗಿಬರುವ ಖರ್ಚು ಜಾಸ್ತಿ, ಒಂದು ದಿನ ಹಾಳು, ನಿಜ. ಆದರೂ ಹೋಗಿ. ಪೆಟ್ಟಿಗೆ ಮೇಲೆ ತಯಾರಕರ ಹೆಸರು, ಲೈಸೆನ್ಸ್ ನಂಬರ್ ಇಲ್ಲದಿದ್ದರೆ ಮುಟ್ಟಬೇಡಿ. 2020ರ ಏಪ್ರಿಲ್‌ನಿಂದ ನಮ್ಮಲ್ಲಿ ಇಂಥ ಸಾಧನಗಳೂ ಔಷಧಿ ಕಾನೂನಿನೊಳಗೆ ಬಂದಿವೆ. ಲೈಂಗಿಕ ಶಕ್ತಿ ಹೆಚ್ಚಿಸುತ್ತೇವೆ ಅಂತ ಔಷಧಿಗೆ ಜಾಹೀರಾತು ಕೊಡುವುದೇ 1954ರ ಕಾನೂನಿನ ಪ್ರಕಾರ ಅಪರಾಧ. ಆದರೂ ದಿನಾ ಮೊಬೈಲಿನಲ್ಲಿ ಬರುತ್ತಿದೆ, ಯಾರೂ ಕೇಳುವವರಿಲ್ಲ.

ನಾನು 1930ಕ್ಕೆ ಫೋನ್ ಮಾಡಿ ದುಡ್ಡಿನ ವಿಷಯ ದಾಖಲಿಸಿದ್ದೇನೆ. ಆನ್‌ಲೈನ್ ಮೋಸಕ್ಕೆ ಅದೇ ನಂಬರ್, ದುಡ್ಡು ಹೋದ ತಕ್ಷಣ ಮಾಡಿದರೆ ಒಳ್ಳೆಯದು. ಫೋನಿನಲ್ಲಿ ಹೇಳಿದ್ದನ್ನು ಇಡೀ ಸ್ಟೇಷನ್ ಕೇಳುವುದಿಲ್ಲ. ಗ್ರಾಹಕರ ಸಹಾಯವಾಣಿ 1915. ಕಾರವಾರದ ಜಿಲ್ಲಾ ಗ್ರಾಹಕ ಆಯೋಗಕ್ಕೂ ಅರ್ಜಿ ಬರೆಯುತ್ತಿದ್ದೇನೆ. ಮಾರಿದವನು ಎಲ್ಲೇ ಇರಲಿ, ನಾವು ಇರುವ ಜಿಲ್ಲೆಯಲ್ಲೇ ದೂರು ಕೊಡಬಹುದು. 5 ಲಕ್ಷದೊಳಗಿನ ವ್ಯವಹಾರಕ್ಕೆ ಶುಲ್ಕವೂ ಇಲ್ಲ.

ನಿಮ್ಮ ಮನೆಗೂ ಇಂಥ ಪಾರ್ಸೆಲ್ ಬಂದಿದ್ದರೆ, ಯಾರಿಗಾದರೂ ಕಂಡೀತು ಅಂತ ಹೊಳೆಗೆ ಎಸೆಯಬೇಡಿ. ಕೊಳವೆ, ಚೀಟಿ, ಗುಳಿಗೆ ಡಬ್ಬಿ, ದುಡ್ಡು ಕಳಿಸಿದ ಮೆಸೇಜ್, ಕಾಲ್ ರೆಕಾರ್ಡ್ ಎಲ್ಲಾ ಇಟ್ಟುಕೊಳ್ಳಿ. ಗುಳಿಗೆಯನ್ನು ಮಾತ್ರ ಯಾರ ಕೈಗೂ ಸಿಗದ ಹಾಗೆ ಮೇಲೆ ಎತ್ತಿಡಿ.