ಟಿಡಿಸಿಎಸ್ ಮಿಷನ್, ಎಂಟು ತಿಂಗಳಾದ್ಮೇಲೆ: ಕರೆಂಟಿಗಿಂತ ಕೊಬ್ರಿ ಎಣ್ಣೆದೇ ದೊಡ್ಡ ಗಲಾಟೆ

ಅಮ್ಮಂಗೆ 71. ಎರಡು ವರ್ಷದ ಹಿಂದೆ ಸ್ಟ್ರೋಕ್ ಆಗಿ ಬಲಗೈ ಬೆರಳು ಹಿಡಿತಕ್ಕೇ ಬರ್ತಿರ್ಲಿಲ್ಲ. ಫಿಸಿಯೋ ಜೊತೆಗೆ ಈ ಟಿಡಿಸಿಎಸ್, ಅಂದ್ರೆ ತಲೆ ಮೇಲೆ ಒದ್ದೆ ಸ್ಪಾಂಜಿನ ಪ್ಯಾಡ್ ಇಟ್ಟು ಮೆದುಳಿಗೆ ಸಣ್ಣಗೆ ಕರೆಂಟ್ ಕೊಡೋ ಮಿಷನ್ನೂ ನೋಡಿ ಅಂದ್ರು ನ್ಯೂರೋ ಡಾಕ್ಟ್ರು, ತುಮಕೂರಿಂದ ಬೆಂಗ್ಳೂರಿಗೆ ದಿನಾ ಯಾರು ಓಡಾಡ್ತಾರೆ ಅಂತ ಬಾಡಿಗೆಗೆ ತಂದೆ. 2 ಮಿಲಿಆಂಪ್, 20 ನಿಮಿಷ, ಎಲ್ಲಾ ಅವ್ರೇ ಸೆಟ್ ಮಾಡಿಕೊಟ್ರು. ಫಿಟ್ಸ್ ಇದ್ರೆ, ತಲೇಲಿ ಆಪರೇಷನ್ ಕ್ಲಿಪ್ ಇದ್ರೆ ಮೊದ್ಲೇ ಹೇಳ್ಬೇಕು, ನೀವಾಗೇ ತರಿಸ್ಕೊಂಡು ಹಾಕ್ಕೋಬೇಡಿ.

ಶಾಕ್ ಹೊಡೆಯಲ್ವಾ ಅಂತ ಎಲ್ರೂ ಕೇಳ್ತಾರೆ. "ಇರುವೆ ಹರಿದಂಗಾಯ್ತೈತೆ" ಅಂತಾಳೆ ಅಮ್ಮ, ಒಂದೆರಡು ನಿಮಿಷಕ್ಕೆ ಅದೂ ಹೋಗುತ್ತೆ. ಕಾಟ ಕೊಟ್ಟಿದ್ದು ಆ ಸ್ಪಾಂಜು! ಸಲೈನಲ್ಲಿ ನೆನೆಸಿ ಒಂದನ್ನ ಎಡಗಿವಿ ಮೇಲ್ಗಡೆ, ಬಲಗೈ ಆಡ್ಸೋದು ಎಡಗಡೆ ಮೆದುಳಲ್ವಾ ಅದಕ್ಕೆ, ಇನ್ನೊಂದನ್ನ ಬಲಹುಬ್ಬಿನ ಮೇಲೆ ಇಟ್ಟು ಬೆಲ್ಟ್ ಬಿಗೀಬೇಕು, ಅಷ್ಟರಲ್ಲಿ ನೀರು ಕತ್ತಿಗಿಳಿದು ಸೆರಗು ಒದ್ದೆ, ಸ್ಪಾಂಜು ಸ್ವಲ್ಪ ಒಣಗಿದ್ರೂ ತಲೇಲಿ ಎಣ್ಣೆ ಜಿಡ್ಡಿದ್ರೂ ಕರೆಂಟ್ ಸರಿಯಾಗಿ ಹೋಗಲ್ಲ, ಮಿಷನ್ ಬೀಪ್ ಬೀಪ್ ಅಂತ ನಿಂತೋಗುತ್ತೆ. ನಮ್ಮಮ್ಮ ತಿಪಟೂರು ಕಡೆಯವಳು, ಎಣ್ಣೆ ಹಚ್ಚದೆ ಹೊಸ್ತಿಲು ದಾಟಿದವಳಲ್ಲ. ದಿನಾ ಜಗಳ. ಎರಡೇ ತಿಂಗಳಿಗೆ ಸ್ಪಾಂಜು ರೊಟ್ಟಿ ಥರ ಗಟ್ಟಿಯಾಯ್ತು, ಹೊಸ ಜೊತೆಗೆ 900 ರೂಪಾಯಿ ಅಂತೆ, ಕಸ್ಟಮರ್ ಕೇರ್‌ನವನು ರೀಸ್ಟಾರ್ಟ್ ಮಾಡಿ ಸಾರ್ ಅಂತಾನೆ, ಸ್ಪಾಂಜನ್ನ ಹೆಂಗಪ್ಪಾ ರೀಸ್ಟಾರ್ಟ್ ಮಾಡೋದು?

ಕೊನೆಗೆ ರಾಜಿ ಆಯ್ತು. ಬೆಳಿಗ್ಗೆ ಸೀಗೆಪುಡಿ ಹಾಕಿ ತಲೆ ತೊಳ್ಕೊಳ್ಳೋದು, ಸಂಜೆ ಮಿಷನ್, ಮುಗಿದ ತಕ್ಷಣ ನಾನೇ ಎಣ್ಣೆ ಹಚ್ಚಬೇಕು. ಬಾಚಣಿಗೆ ಹಿಡಿದು ಸಣ್ಣಸಣ್ಣ ಬೈತಲೆ ತೆಗೆದು ಪ್ಯಾಡ್ ಕೂರಿಸೋದು ಕಲ್ತೆ, ಈ 46 ವರ್ಷದಲ್ಲಿ ಅಮ್ಮನ ತಲೆ ಮುಟ್ಟಿದ್ದು ಅದೇ ಮೊದ್ಲು, ಎಡಗಿವಿ ಹಿಂದೆ ಒಂದು ಹಳೇ ಹೊಲಿಗೆ ಗುರುತಿದೆ ಅಂತ್ಲೂ ಆಗ್ಲೇ ಗೊತ್ತಾಗಿದ್ದು.

ಕರೆಂಟ್ ಹೋಗ್ತಿರುವಾಗ ಕೈಗೆ ಕೆಲಸ ಕೊಡ್ಬೇಕು, ಸುಮ್ನೆ ಕೂತ್ರೆ ಪ್ರಯೋಜನ ಕಮ್ಮಿ ಅಂದಿದ್ರು. ಫಿಸಿಯೋ ಕೊಟ್ಟ ಜೇಡಿಮಣ್ಣಿನಂಥದ್ದು ಅವಳಿಗೆ ಬೇಜಾರು. ಡಿಸೆಂಬರಲ್ಲಿ ಅವರೆಕಾಯಿ ಬಂತು, ನೆನೆಸಿದ ಕಾಳು ಮುಂದಿಟ್ಟೆ. ಮೊದಲ ದಿನ 20 ನಿಮಿಷಕ್ಕೆ ಹನ್ನೊಂದು ಕಾಳು ಹಿತುಕಿದ್ಲು, ಸಂಕ್ರಾಂತಿ ಹೊತ್ತಿಗೆ ಒಂದು ಬಟ್ಟಲು. ಮಿಷನ್ ಕೆಲಸನೋ ಅವರೆಕಾಳಿನ ಕೆಲಸನೋ ನಾನಂತೂ ಆಣೆ ಮಾಡಲ್ಲ, ಸಂಶೋಧನೆಗಳಲ್ಲೂ ಎಲ್ಲರಿಗೂ ಒಂದೇ ಥರ ಗುಣ ಕಂಡಿಲ್ಲ. ನಡಿಗೆ ಇದ್ದಂಗೇ ಇದೆ.

ಸ್ಪಾಂಜಿಗೆ ಎರಡು ಸ್ಟಾರ್ ಕಟ್. ಹೋದ ವಾರ ವಾಪಸ್ ಕೊಟ್ಟೆ. ಸಂಜೆ ನೋಡಿದ್ರೆ ಎಣ್ಣೆ ಬಾಟ್ಲಿ ಹಿಡ್ಕೊಂಡು ಅದೇ ಕುರ್ಚೀಲಿ ಕೂತವ್ಳೆ: "ಮಿಷನ್ ಹೋದ್ರೆ ಹೋಗ್ಲಿ, ಎಣ್ಣೆ ಹಚ್ಚೋಕೇನು ರೋಗ ನಿಂಗೆ?"